ಕೈಗೆ ತಕ್ಕ ಕೋಲು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಲವತ್ತು ವರ್ಷ ದಲಾಲಿ ನಡೆಸಿದ ಹಿರಿಯರೊಬ್ಬರು ಅರವತ್ತೆಂಟನೆಯ ವಯಸ್ಸಿನಲ್ಲಿ ಗಾಲ್ಫ್ ಕಲಿಯಹೊರಟರೆಂದರೆ ಹಾವೇರಿಯ ಬೀಗರು ನಗದೆ ಇರುವರೇ? ಹುಡುಗತನದಲ್ಲಿ ರಾಣೆಬೆನ್ನೂರಿನ ಬಯಲಿನಲ್ಲಿ ಚಿಣ್ಣಿದಾಂಡು ಆಡಿದ್ದೇ ಅವರ ಏಕಮಾತ್ರ ಅರ್ಹತೆ.

ಪತ್ನಿ ತೀರಿಕೊಂಡ ಮೇಲೆ ಅವರು ಬೆಂಗಳೂರಿನಲ್ಲಿ ಮಗನ ಮನೆ ಸೇರಿದ್ದರು. 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಹುಟ್ಟಿದ ಊರು ಅದು. ಮಗನಿಗೂ ಆ ಆಟದ ಹುಚ್ಚು. ತಂದೆ ದಿನವಿಡೀ ಕಿಟಕಿಯ ಬಳಿ ಮೌನವಾಗಿ ಕುಳಿತಿರುವುದನ್ನು ನೋಡಲಾರದೆ ಅವನು ಅವರನ್ನು ಅಭ್ಯಾಸದ ಮೈದಾನಕ್ಕೆ ಕರೆದೊಯ್ದನು. ಹುಟ್ಟುಹಬ್ಬದಂದು ಹೊಸ ಡ್ರೈವರೊಂದನ್ನು ಕೈಗಿತ್ತನು.

ಡ್ರೈವರ್ ಎಂದರೆ ಚೆಂಡನ್ನು ಬಹುದೂರ ಅಟ್ಟುವ ಉದ್ದನೆಯ ಕೋಲು. ಅದರ ಟೊಳ್ಳು ತಲೆ 460 ಘನ ಸೆಂಟಿಮೀಟರನ್ನು ಮೀರಕೂಡದೆಂಬುದು ನಿಯಮ. ಆ ತಲೆಯ ಮುಖ ಹಿಂದಕ್ಕೆ ವಾಲಿರುವ ಅಳತೆಗೆ ‘ಲಾಫ್ಟ್’ ಎಂದು ಹೆಸರು. ಮಗ ತಂದದ್ದು 9 ಡಿಗ್ರಿಯದು. ಗಂಟೆಗೆ 110 ಮೈಲಿಗೂ ಮಿಕ್ಕ ವೇಗದಲ್ಲಿ ಬೀಸುವ ವೃತ್ತಿಪರರಿಗೆ ಅದು ಒಪ್ಪೀತು. ನಿಧಾನದ ಬೀಸಿಗೆ ಚೆಂಡು ಮೇಲೇಳದೆ ಬೇಗನೆ ನೆಲ ಹಿಡಿಯುತ್ತದೆ. ಹಿರಿಯರಿಗೂ ಹಾಗೆಯೇ ಆಯಿತು. ಚೆಂಡು ಬಲಕ್ಕೆ ಹೊರಳಿ ಹುಲ್ಲಿನಲ್ಲಿ ತೆವಳಿತು. ತಮ್ಮ ತೋಳಿನ ಕಸುವೇ ಉಡುಗಿತೆಂದು ಅವರು ಎರಡು ತಿಂಗಳು ಒಳಗೊಳಗೇ ಕುಗ್ಗಿದರು. ಮಗನ ಪ್ರೀತಿಯ ಕಾಣಿಕೆಯಲ್ಲಿ ಕೊರತೆ ಎಣಿಸುವುದೆಂತು?

ಇದನ್ನು ಗಮನಿಸಿದ ತರಬೇತುದಾರನೊಬ್ಬನು ಕೋಲಿನ ಕತ್ತಿನಲ್ಲಿದ್ದ ತಿರುಪನ್ನು ತೋರಿಸಿದನು. ಅದನ್ನು ಬಿಚ್ಚಿ ದಂಡದ ತುದಿಯನ್ನು ತಿರುಗಿಸಿ ಕೂರಿಸಿದರೆ ಲಾಫ್ಟ್ 11ಕ್ಕೆ ಏರುತ್ತದೆ; ಮುಖವೂ ತುಸು ಎಡಕ್ಕೆ ಹೊರಳುವುದರಿಂದ ಬಲಕ್ಕೆ ಓಡುವ ಚೆಂಡಿಗೆ ಅದೇ ಮದ್ದು.

ಅಂದಿನ ರಾತ್ರಿ ಊಟವಾದ ಮೇಲೆ ಹಿರಿಯರು ಸಂಕೋಚದಿಂದಲೇ ವಿಷಯ ತೆಗೆದರು.

“ಎರಡು ತಿಂಗಳಿಂದ ಯಾಕ ಸುಮ್ಮನಿದ್ದಿ, ಅಪ್ಪಾ?”

“ನೀ ಕೊಟ್ಟಿದ್ದು. ಹೆಂಗ ಬಿಚ್ಚಲೋ ತಮ್ಮಾ?”

ಮಗನ ಕಣ್ಣು ತೇವಗೊಂಡಿತು. ತಂದೆಗೆ ವಯಸ್ಸಾಗಿದೆಯೆಂದು ಒಪ್ಪಲು ಮನಸ್ಸು ಬಾರದೆ ತಾನೇ ಆ ಬಿರುಸಿನ ಕೋಲನ್ನು ಆರಿಸಿದ್ದೆನೆಂದು ಅವನು ಹೇಳಿದನು. ಇಬ್ಬರೂ ಸೇರಿ ತಿರುಪನ್ನು ಬಿಗಿದರು; ಬಿಗಿತ ಸಾಕೆಂದು ಸ್ಪಾನರು ‘ಟಕ್’ ಎಂದಿತು.

ಬ್ಯಾಡಗಿಯ ಕಾಯಿಯನ್ನು ಜನ ಕೊಳ್ಳುವುದು ಬಣ್ಣಕ್ಕಾಗಿಯೇ ಹೊರತು ಖಾರಕ್ಕಾಗಿ ಅಲ್ಲ. ಪೇಟೆಗೆ ಬಂದ ಹೊಸಬರಿಗೆ ಜೀವಮಾನವಿಡೀ ಇದನ್ನು ತಿಳಿಹೇಳಿದ ಹಿರಿಯರು ತಮ್ಮಲ್ಲಿ ಮಾತ್ರ ಖಾರವನ್ನೇ ಹುಡುಕುತ್ತಿದ್ದರು!

ಮರುದಿನ ಚೆಂಡು ಬಹುದೂರವೇನೂ ಹೋಗಲಿಲ್ಲ. ಆದರೆ ಹಕ್ಕಿಯಂತೆ ಮೇಲೆದ್ದಿತು. ಒಮ್ಮೆ ಆಟ ಆರಂಭವಾಯಿತೆಂದರೆ, ಅದು ಮುಗಿಯುವವರೆಗೆ ಹೀಗೆ ತಿರುಪು ತಿರುಗಿಸಿ ಕೋಲಿನ ಗುಣ ಬದಲಿಸುವಂತಿಲ್ಲವೆಂಬುದು ಗಾಲ್ಫಿನ ನಿಯಮ. ಮನೆಮಂದಿಯೊಡನೆ ಆಡಬೇಕಾದ ಮಾತಿಗೆ ಅಂಥ ಕಟ್ಟಳೆಯಿಲ್ಲ. ಎರಡು ತಿಂಗಳು ತಡವಾದರೂ ಅಲ್ಲಿ ತಿರುಪು ಸಡಿಲಿಸಬಹುದು.