ತಂಬೂರಿಯೊಡನೆ ಮಿರಜಕ್ಕೆ

ನಮ್ಮ ಭಜನಾ ಮಂಡಳಿಯ ತಂಬೂರಿಯ ಬುರುಡೆ ಬಿರುಕು ಬಿಟ್ಟುದು ಬಸ್ಸಿನ ಮೇಲಿನಿಂದ ಇಳಿಸುವಾಗ. ಹಗ್ಗ ಬಿಗಿದವರೂ ನಾವೇ, ಕೈ ಜಾರಿಸಿದವರೂ ನಾವೇ. ಊರೂರು ತಿರುಗಿ ಹಾಡುವವರಿಗೆ ಇಂಥದು ಹೊಸದಲ್ಲವಾದರೂ ನಮ್ಮ ಹಿರಿಯ ಗಾಯಕರು ಆ ರಾತ್ರಿ ಊಟ ಮಾಡಲಿಲ್ಲ. ಮೂವತ್ತು ವರ್ಷ ಅವರ ದನಿಗೆ ಬೆನ್ನಾಗಿದ್ದ ವಾದ್ಯವದು. ದುರಸ್ತಿಯಾದರೆ ಸರಿ, ಆಗದಿದ್ದರೆ ಪ್ರವಾಸಕ್ಕೆ ಒದಗುವ ಚಿಕ್ಕದೊಂದನ್ನು ಕೊಳ್ಳುವುದೆಂದು ನಿಶ್ಚಯಿಸಿ ನಾವು ನಾಲ್ವರು ಹುಬ್ಬಳ್ಳಿಯಿಂದ ರೈಲು ಹತ್ತಿದೆವು. ಕಂಬಳಿ ಸುತ್ತಿದ ತಂಬೂರಿಯು ಇಬ್ಬರ ತೊಡೆಗಳ ಮೇಲೆ ಅಡ್ಡಲಾಗಿ ಮಲಗಿತ್ತು. ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದ ಮೇಲೆ ಮಿರಜವೇನೂ ದೂರವಲ್ಲ.

ಇಲ್ಲಿಯ ಸಿತಾರ ತಯಾರಕರ ಹಿರಿಯರು ಶಿಕಲಗಾರರು, ಎಂದರೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ಫರೀದಸಾಹೇಬರು ವಾದ್ಯಗಳತ್ತ ತಿರುಗಿದರು. ಆ ಕೈಗುಣ ತಲೆಮಾರುಗಳಿಂದ ಸಾಗಿ ಬಂದಿದೆ. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರಕಿತು. ಅಂಗಡಿಗಳಲ್ಲಿ ಒಣಗಿದ ಸೋರೆಬುರುಡೆಗಳ ರಾಶಿ. ಅವು ಪಂಢರಪುರದ ಕಡೆಯಿಂದ ಬರುತ್ತವೆ.

ನಾವು ಹೊಕ್ಕ ಅಂಗಡಿಯ ಮುದುಕರು ಬಿರುಕಿನ ಮೇಲೆ ಉಗುರಾಡಿಸಿ, ತಬಲಿಯನ್ನು ಬಿಚ್ಚಿ ಒಳಗಿನಿಂದ ಬಟ್ಟೆ ಅಂಟಿಸಬಹುದೆಂದರು. ಹದಿನೈದು ದಿನ ಬೇಕು. ಬಳಿಕ ಪ್ರವಾಸದ ತಂಬೂರಿಯನ್ನು ತೋರಿಸಿದರು. ಅದಕ್ಕೆ ಬುರುಡೆಯೇ ಇಲ್ಲ. ಚಪ್ಪಟೆಯಾದ ಮರದ ಪೆಟ್ಟಿಗೆ, ನಾಲ್ಕು ತಂತಿ. ಒಂದೇ ಕೈಯಲ್ಲಿ ಒಯ್ಯಬಹುದು. ಕುದುರೆಯ ಮೇಲ್ಮೈಯನ್ನು ಎಳೆಯಷ್ಟೆಳೆಯಷ್ಟೇ ಅರದಿಂದ ಉಜ್ಜಿ, ತಂತಿಯಡಿ ಜೀವಾಳದ ನೂಲನ್ನು ಸರಿಸುತ್ತ ಹೋದಂತೆ ಒಣ ಟಂಕಾರವು ಝೇಂಕಾರವಾಯಿತು. ಕೇಳಿಯೇ ತಿಳಿಯಬೇಕಾದ ಕೆಲಸವಿದು! ಬುರುಡೆಯ ತುಂಬು ನಾದವು ಇದಕ್ಕಿಲ್ಲ, ನಿಜ. ಆದರೆ ಈಗ ಕಿಸೆಯ ಫೋನಿನಲ್ಲಿಯೂ ತಂಬೂರಿ ನುಡಿಯುತ್ತದೆ. ನಮ್ಮ ತರುಣರು ಅದೇ ಸಾಕೆನ್ನುತ್ತಿದ್ದರು. ಶ್ರುತಿಗೆ ಸಾಕು, ಒಪ್ಪುತ್ತೇವೆ. ತಂತಿಯನ್ನು ಕೂಡಿಸುತ್ತ ಕಿವಿಯೂ ಕೂಡುವುದು ಮಾತ್ರ ಅದರಲ್ಲಿ ಕಾಣೆವು.

ಸಂಜೆ ಮೀರಾಸಾಹೇಬರ ದರ್ಗಾಕ್ಕೆ ಹೋದೆವು. ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆಯಿತ್ತ ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿದೆ. 1937ರಲ್ಲಿ ಪಾಂಡಿಚೇರಿಗೆ ಹೊರಟಿದ್ದ ಖಾನರು ದಾರಿಯಲ್ಲಿ ಅಸ್ವಸ್ಥರಾಗಿ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ಇಳಿದರಂತೆ. ಅಲ್ಲಿಯೇ ತಂಬೂರಿ ಕೂಡಿಸಲು ಹೇಳಿ, ಹಾಡುತ್ತ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ನಮ್ಮ ಹಿರಿಯರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಅವರ ತಂಬೂರಿ ರೈಲಿನಲ್ಲಿ ಹೋಗಿತ್ತಲ್ಲ" ಎಂದಷ್ಟೇ ಅಂದರು.

ಮರುದಿನ ಚಪ್ಪಟೆ ತಂಬೂರಿಯನ್ನು ತರುಣರಿಗೆಂದು ಕೊಂಡೆವು. ಹಳೆಯದನ್ನು ದುರಸ್ತಿಗೆ ಬಿಟ್ಟೆವು. ಮರಳುವಾಗ ಹಿರಿಯರು ಬರಿದಾದ ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ತರಲು ಹೋಗುವಾಗ ತಾವೂ ಬರುವೆನೆಂದಿದ್ದಾರೆ. ಬಸ್ಸಿನಲ್ಲಿ ಮಾತ್ರ ಬೇಡವಂತೆ.