ನಡುಮನೆಯ ಹಾರ್ಪ್

ಐರ್ಲೆಂಡಿನಲ್ಲಿ ಹಾರ್ಪ್ ಕಾಣದ ಜಾಗವಿಲ್ಲ. ಯೂರೋ ನಾಣ್ಯದ ಮೇಲೆ, ಪಾಸ್‌ಪೋರ್ಟಿನ ರಟ್ಟಿನ ಮೇಲೆ, ಗಿನ್ನೆಸ್ ಬಿಯರ್ ಸೀಸೆಯ ಮೇಲೆ. ಬಿಯರಿನ ಹಾರ್ಪಿಗೆ ಒಂದು ದಿಕ್ಕಿನ ಮುಖ, ಸರ್ಕಾರದ್ದಕ್ಕೆ ಅದರ ಎದುರು ದಿಕ್ಕಿನದು. ನುಡಿಸುವವರ ಮನೆ ಮಾತ್ರ ಅಪರೂಪ. ಮೈಸೂರಿನಿಂದ ಡಬ್ಲಿನ್ನಿಗೆ ಬಂದು ನೆಲೆಸಿದ ಈ ಬರಹಗಾರ್ತಿಯ ನಡುಮನೆಗೆ ಅದು ಬಂದದ್ದು ಟೀಪಾಯಿಯನ್ನು ಹೊರದಬ್ಬಿ.

ಈಕೆಯದು 34 ತಂತಿಯ ಲಿವರ್ ಹಾರ್ಪ್. 47 ತಂತಿ, 7 ಪೆಡಲ್ಲುಗಳ ಆರ್ಕೆಸ್ಟ್ರಾ ಹಾರ್ಪನ್ನು ಸಾಕುವುದು ಆನೆ ಸಾಕಿದ ಹಾಗೆ. ಇಲ್ಲಿ ‘ಸಿ’ ತಂತಿಗಳು ಕೆಂಪು, ‘ಎಫ್’ ತಂತಿಗಳು ಕಪ್ಪು. ಆ ಗುರುತಿಲ್ಲದಿದ್ದರೆ ಕೈ ದಾರಿ ತಪ್ಪುತ್ತದೆ. ಮೀಟುವಾಗ ಕಿರುಬೆರಳಿಗೆ ಕೆಲಸವಿಲ್ಲ. ಶ್ರುತಿ ಮಾಡುವಾಗ ಇಡೀ ಮನುಷ್ಯನಿಗೆ ಬಿಡುವಿಲ್ಲ. ಹೀಟರ್ ಹಾಕಿದರೆ ಶ್ರುತಿ ಹೋಯಿತು, ಮಳೆ ಹಿಡಿದರೆ ಹೋಯಿತು. ಇವೆರಡೂ ಇಲ್ಲದ ದಿನವನ್ನು ಡಬ್ಲಿನ್ನಿನಲ್ಲಿ ಹುಡುಕಬೇಕು.

ಕಲಿಯುವವರಿಗೆಲ್ಲ ಮೊದಲು ಸಿಗುವುದು ಟರ್ಲೋ ಒ'ಕ್ಯಾರೊಲನ್‌ನ ಮಟ್ಟುಗಳು. ಹರೆಯದಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡ ಈತ ಕುದುರೆಯೇರಿ ಸಿರಿವಂತರ ಮನೆಯಿಂದ ಮನೆಗೆ ತಿರುಗಿ, ಉಪಚರಿಸಿದವರ ಹೆಸರಿನಲ್ಲೇ ಮಟ್ಟು ಕಟ್ಟುತ್ತಿದ್ದ. ತೀರಿಕೊಂಡದ್ದು 1738ರಲ್ಲಿ. ಆಮೇಲೆ ಆ ವೃತ್ತಿಯೂ ಸೊರಗಿತು. 1792ರ ಜುಲೈನಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಾರ್ಪ್ ವಾದಕರ ಮೇಳ ಕರೆದರೆ, ಬಂದ ಐರಿಷರು 10 ಮಂದಿ; ಜೊತೆಗೊಬ್ಬ ವೇಲ್ಸಿನವನು. ಅವರಲ್ಲಿ ಡೆನಿಸ್ ಹೆಂಪ್ಸನ್‌ಗೆ ತೊಂಬತ್ತು ದಾಟಿತ್ತು. ಹಿತ್ತಾಳೆ ತಂತಿಯನ್ನು ಉದ್ದನೆಯ ಉಗುರಿನಿಂದ ಮೀಟುವ ಹಳೆಯ ಪದ್ಧತಿ ಅಲ್ಲಿ ಉಳಿದಿದ್ದುದು ಅವನೊಬ್ಬನ ಕೈಯಲ್ಲಿ. ದೇಶಭಕ್ತ ವುಲ್ಫ್ ಟೋನ್ ಕೂಡ ಹೋಗಿ ಕೇಳಿದ, ಬೇಸತ್ತು ದಿನಚರಿಯಲ್ಲಿ ಶಪಿಸಿದ. ಈಕೆಯ ಕೆಳಮನೆಯವರಿಗೆ ದಿನಚರಿ ಬರೆಯುವ ಅಭ್ಯಾಸ ಇಲ್ಲದಿದ್ದರೆ ಸಾಕು.

ಮೇಳದಲ್ಲಿ ಸ್ವರ ಬರೆದುಕೊಂಡವನು ಎಡ್ವರ್ಡ್ ಬಂಟಿಂಗ್, 19ರ ಹುಡುಗ, ಆರ್ಗನ್ ವಾದಕ. 1796ರಲ್ಲಿ ಪುಸ್ತಕ ಅಚ್ಚು ಹಾಕಿಸುವಾಗ ಅವನು ಎಲ್ಲವನ್ನೂ ಪಿಯಾನೋಗೆ ಹೊಂದಿಸಿಬಿಟ್ಟ. ಕೊಳ್ಳುವವರ ಮನೆಯಲ್ಲಿ ಇದ್ದದ್ದು ಅದೇ ತಾನೆ! ಹೀಗೆ ಪಿಯಾನೋ ಹೊಕ್ಕು ಹೊರಬಂದ ಮಟ್ಟುಗಳಿಗೇ ಇಷ್ಟು ಮರ್ಯಾದೆ ಇರುವಾಗ, ತಾನೂ ಸ್ವಲ್ಪ ಸಲುಗೆ ತೆಗೆದುಕೊಳ್ಳಬಹುದೆಂದು ಈಕೆಗೆ ಧೈರ್ಯ ಬಂತು.

ಇ-ಫ್ಲ್ಯಾಟ್ ಮೇಜರಿಗೆ ಶ್ರುತಿ ಮಾಡಿದ ಹಾರ್ಪಿನಲ್ಲಿ ಎಫ್, ಎ, ಸಿ ತಂತಿಗಳ ಲಿವರ್ ಎತ್ತಿ, ‘ಡಿ’ಯನ್ನು ಷಡ್ಜ ಮಾಡಿಕೊಂಡರೆ ಮಾಯಾಮಾಳವಗೌಳ ಸಿದ್ಧ. ಸರಳೆ ವರಸೆ ಸಲೀಸಾಗಿ ಬರುತ್ತದೆ. ಗಮಕದ ಆಸೆ ಬಿಡಬೇಕು. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿ ಎಳೆದಂತೆ ಎಳೆಯಲು ಇಲ್ಲಿ ಮೆಟ್ಟಿಲುಗಳೇ ಇಲ್ಲ. ಮೇಲಾಗಿ, ಮೀಟಿದ ತಂತಿ ತಾನಾಗಿ ಬೇಗ ಸುಮ್ಮನಾಗುವುದಿಲ್ಲ, ಅಂಗೈಯಿಂದ ಮುಚ್ಚಬೇಕು. ಮುಚ್ಚದಿದ್ದರೆ ಷಡ್ಜದ ಮೈಮೇಲೆ ರಿಷಭ, ರಿಷಭದ ಮೇಲೆ ಗಾಂಧಾರ.

ಮೈಸೂರಿನಿಂದ ಫೋನಿನಲ್ಲಿ ಕೇಳಿದ ಅಮ್ಮ ಅಂದದ್ದು ಇಷ್ಟು: “ಚೆನ್ನಾಗಿದೆ ಕಣೇ. ಪಕ್ಕದಲ್ಲಿ ಇನ್ಯಾರು ನುಡಿಸ್ತಿರೋದು?”