ದೇವನಹಳ್ಳಿ ಕರ, ನರಿತ ಮದೆ

ದೇವನಹಳ್ಳಿಯ ಕೋಟೆ ಗೋಡೆಯ ಮೇಲೆ ಸಂಜೆ ಹೊತ್ತು ಕುಳಿತರೆ ಎರಡು ಕಾಲಗಳು ಒಟ್ಟಿಗೆ ಕಾಣುತ್ತವೆ. ಒಂದು ಕಡೆ ವೇಣುಗೋಪಾಲಸ್ವಾಮಿ ದೇವಾಲಯ, ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳದ ಕಲ್ಲುಮಂಟಪ. ಇನ್ನೊಂದು ಕಡೆ, 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣದಿಂದ ಮೇಲೇರುವ ವಿಮಾನಗಳು. ಟೋಕಿಯೋ ಬಳಿಯ ನರಿತಕ್ಕೆ ಇಲ್ಲಿಂದಲೇ ಜಪಾನ್ ಏರ್‌ಲೈನ್ಸ್ 2021ರಲ್ಲಿ ನೇರ ವಿಮಾನ ಆರಂಭಿಸಿತು.

ಆ ದೇಶದ ಭಾಷೆಯನ್ನು ಈ ಊರಿನಲ್ಲೇ ಇದ್ದು, ಪುಸ್ತಕ ಹಿಡಿದು, ಹವ್ಯಾಸವಾಗಿ ಕಲಿಯಬಹುದೆ? 'ಇಂಗ್ಲಿಷೇ ಸರಿಯಾಗಿ ಬಾರದ ಹುಡುಗನಿಗೆ ಜಪಾನಿ ಎಲ್ಲಿಂದ ಬಂದೀತು?' ಎಂದು ಕೇಳುವ ತಂದೆತಾಯಿಯರುಂಟು. ಅವರು ಈ ವಾಕ್ಯವನ್ನು ನೋಡಬೇಕು: 'ದೇವನಹಳ್ಳಿ ಕರ ನರಿತ ಮದೆ ಇಕಿಮಸು.' ಎಂದರೆ, ದೇವನಹಳ್ಳಿಯಿಂದ ನರಿತದವರೆಗೆ ಹೋಗುತ್ತೇನೆ. 'ಕರ' ನಮ್ಮ 'ಇಂದ', 'ಮದೆ' ನಮ್ಮ 'ವರೆಗೆ'. ಕ್ರಿಯಾಪದ ಕೊನೆಯಲ್ಲಿ. ಅದರ ಹಿಂದೆ ಒಂದು 'ಕ' ಸೇರಿಸಿದರೆ ಪ್ರಶ್ನೆ, ನಾವು 'ಹೋಗುತ್ತೀರಾ' ಎಂದು ಕೊನೆಯನ್ನು ಎಳೆದಂತೆ. ಇಂಗ್ಲಿಷ್ ಮೂಲಕ ಕಲಿಯುವ ನಮ್ಮ ಮಕ್ಕಳು ಪದಗಳನ್ನು ಎರಡು ಸಲ ಹಿಂದುಮುಂದು ಮಾಡುತ್ತಾರೆ. ಅದೇಕೆ ಬೇಕು? ಪುಸ್ತಕ ಇಂಗ್ಲಿಷಿನದೇ ಆಗಿರಲಿ, ಅಂಚಿನಲ್ಲಿ ಕನ್ನಡದ ಅರ್ಥವನ್ನು ಬರೆದುಕೊಳ್ಳಲಿ. 'ಹೋದನು, ಹೋದಳು, ಹೋಯಿತು' ಎಂಬ ಗೋಜು ಜಪಾನಿಯಲ್ಲಿಲ್ಲ; ಎಲ್ಲಕ್ಕೂ ಒಂದೇ ರೂಪ.

ಅಕ್ಷರಮಾಲೆಯಲ್ಲಿ ಇನ್ನೂ ಸ್ವಾರಸ್ಯವಿದೆ. ಹಿರಗಾನ ಲಿಪಿಯ ಮೂಲಾಕ್ಷರಗಳು 46. ಮೊದಲು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ಹೆಚ್ಚಿನ ಸಾಲುಗಳು 'ಕ, ಕಿ, ಕು, ಕೆ, ಕೊ' ಎಂದು ನಮ್ಮ ಕಾಗುಣಿತದಂತೆಯೇ ಸಾಗುತ್ತವೆ. ಇದು ಆಕಸ್ಮಿಕವಲ್ಲ. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಈ ಕ್ರಮ ಜಪಾನಿಗೆ ಬಂತು. 'ಪ' ಇರಬೇಕಾದ ಜಾಗದಲ್ಲಿ 'ಹ' ಏಕೆ ಎಂದರೆ, ಅಲ್ಲಿನ 'ಹ' ಹಿಂದೆ 'ಪ' ಆಗಿತ್ತು. ಹಳಗನ್ನಡದ 'ಪಳ್ಳಿ' ನಮ್ಮಲ್ಲಿ 'ಹಳ್ಳಿ'ಯಾಗಲಿಲ್ಲವೆ? ಹಾಗೆಂದು ಎರಡು ಭಾಷೆಗಳೂ ಒಂದೇ ತಾಯಿಯ ಮಕ್ಕಳೆಂದು ಹೊರಡಬಾರದು. ಸುಸುಮು ಓನೋ ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟು ಹೇಳಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ. ಹೋಲಿಕೆಯೇ ಪುರಾವೆಯಲ್ಲ.

ಕಷ್ಟವೆಲ್ಲ ಚೀನಾದಿಂದ ಬಂದ ಕಾಂಜಿ ಚಿತ್ರಾಕ್ಷರಗಳಲ್ಲಿದೆ. ನಿತ್ಯ ಬಳಕೆಗೆಂದು ಅಲ್ಲಿನ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2,136 ಇವೆ. ಬೆಟ್ಟದ ಗುರುತು ಒಂದೇ. ಒಂಟಿಯಾಗಿದ್ದರೆ 'ಯಮ', ಫುಜಿಯ ಜೊತೆ ಸೇರಿದರೆ 'ಸನ್'. ದೇವನಹಳ್ಳಿಯಿಂದ ಕಾಣುವ ಬೆಟ್ಟವನ್ನು ನಾವು ನಂದಿಬೆಟ್ಟವೆಂದೂ ನಂದಿಗಿರಿಯೆಂದೂ ಕರೆಯುತ್ತೇವಷ್ಟೆ, 'ಬೆಟ್ಟ' 'ಗಿರಿ' ಎರಡಕ್ಕೂ ಒಂದೇ ಗುರುತು ಬರೆದಂತೆ. ಇದಕ್ಕೆ ಅಡ್ಡದಾರಿಯಿಲ್ಲ. ಮಗ್ಗಿಯಂತೆ ದಿನವೂ ಬರೆಯಬೇಕು.

ಮನೆಯಲ್ಲೇ ಕಲಿತವರೂ ಕುಳಿತುಕೊಳ್ಳಬಹುದಾದ ಜಪಾನಿ ಸಾಮರ್ಥ್ಯ ಪರೀಕ್ಷೆಗೆ ಬೆಂಗಳೂರಿನಲ್ಲಿ ಕೇಂದ್ರವಿದೆ. ಎನ್5ರಿಂದ ಎನ್1ರವರೆಗೆ ಐದು ಹಂತಗಳು; ಎನ್5 ಎಲ್ಲಕ್ಕಿಂತ ಸುಲಭ. ಆ ಒಂದು ಪ್ರಮಾಣಪತ್ರದಿಂದಲೇ ನೌಕರಿ ಸಿಕ್ಕೀತೆಂದು ಪೋಷಕರು ಲೆಕ್ಕ ಹಾಕದಿರುವುದು ಒಳಿತು. ಅದರಲ್ಲಿ ಓದು, ವ್ಯಾಕರಣ, ಕೇಳಿ ಗ್ರಹಿಸುವುದು ಉಂಟು, ಮಾತಿನ ಪರೀಕ್ಷೆ ಇಲ್ಲ. ಆದ್ದರಿಂದ ಗಟ್ಟಿಯಾಗಿ ಓದುವ ಅಭ್ಯಾಸ ಬೇಕು. ಎನ್‌ಎಚ್‌ಕೆ ವರ್ಲ್ಡ್‌ನ ಉಚಿತ ಪಾಠಗಳಿಗೆ ಹಿಂದಿಯಲ್ಲೂ ವಿವರಣೆಯಿದೆ. ಹಿಂದಿಯ ವಾಕ್ಯವೂ ಕ್ರಿಯಾಪದದಲ್ಲೇ ಮುಗಿಯುವುದರಿಂದ, ಶಾಲೆಯಲ್ಲಿ ಹಿಂದಿ ಓದಿದ ಮಕ್ಕಳು ಅದನ್ನೇ ಹಿಡಿಯಲಿ.